ಮಾರಿಕಣಿವೆಯಲ್ಲಿ ಕಂಡ ಉಂಗುರಗಳು

ಮಾರಿಕಣಿವೆ
೧೫ ಸೆಪ್ಟೆಂಬರ್ ೨೦೨೪

ಚಿ. ತೇಜಸ್ವಿನಿಗೆ,

ನಿನ್ನ ಸೋದರಮಾವನೂ, ನಿವೃತ್ತ ಗೇಜ್ ರೀಡರನೂ, ಸದ್ಯಕ್ಕೆ ಮನೆಯ ಮೆಣಸಿನಕಾಯಿ ಒಣಗಿಸುವ ವಿಭಾಗದ ಮುಖ್ಯಸ್ಥನೂ ಆದ ಏಕಾಂತಪ್ಪನ ಆಶೀರ್ವಾದ. ನಿನ್ನ ಅತ್ತೆಯ ಮಂಡಿ ಮತ್ತು ಅಡುಗೆಮನೆಯ ಮಿಕ್ಸಿ, ಇವೆರಡನ್ನು ಬಿಟ್ಟರೆ ಇಲ್ಲಿ ಎಲ್ಲವೂ ಸುಸ್ಥಿತಿಯಲ್ಲಿದೆ.

ಮೊನ್ನೆ ನೀನು ಫೋನ್ ಮಾಡಿ ದೊಡ್ಡ ಸುದ್ದಿ ಹೇಳಿದೆಯಂತೆ. 'ಅಂತೆ' ಎನ್ನುವುದೇಕೆಂದರೆ ಫೋನು ಮಹಾದೇವಮ್ಮನ ಕೈಯಲ್ಲಿತ್ತು. ಈ ಕಣಿವೆಯಲ್ಲಿ ಸಿಗ್ನಲ್ ಸಿಗುವುದು ನಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ. ಆ ಕಲ್ಲು ನಿನ್ನ ಅತ್ತೆಯ ಆಡಳಿತಕ್ಕೆ ಸೇರಿದ್ದು. ಅರ್ಧ ಗಂಟೆ ಮಾತಾಡಿ ಒಳಗೆ ಬಂದವಳು ನನಗೆ ಸಾರಾಂಶ ಒಪ್ಪಿಸಿದಳು: "ತೇಜುಗೆ ಎಲ್ಲೋ ಆಕಾಶದಾಗೆ ಉಂಗುರ ಸಿಕ್ಕೈತಂತೆ." ಕಳೆದುಕೊಂಡವರು ಯಾರು ಎಂದು ಕೇಳಿದ್ದಕ್ಕೆ, ಅದನ್ನೆಲ್ಲ ಕಾಗದ ಬರೆದು ಕೇಳಿಕೊಳ್ಳಿ ಎಂದಳು. ಆದ್ದರಿಂದ ಈ ಕಾಗದ.

ಹೊಳಲ್ಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ನಕ್ಷತ್ರಗಳ ಮೇಲೆ ಸಂಶೋಧನೆ ಮಾಡುತ್ತೀಯ ಎನ್ನುವಷ್ಟು ನನಗೆ ಗೊತ್ತು. ಆದರೆ ಹೊಳಲ್ಕೆರೆಯ ಕಂಪ್ಯೂಟರಿನ ಮುಂದೆ ಕುಳಿತು, ಕಾಣದ ನಕ್ಷತ್ರದ ಕಾಣದ ಗ್ರಹಕ್ಕೆ ಕಾಣದ ಉಂಗುರ ಇದೆ ಎನ್ನುವುದು ಹೇಗೆ? ನಾನು ಮೂವತ್ತನಾಲ್ಕು ವರ್ಷ ದಿನಾ ಬೆಳಿಗ್ಗೆ ಎಂಟಕ್ಕೆ ಈ ಅಣೆಕಟ್ಟೆಯ ನೀರಿನ ಮಟ್ಟ ನೋಡಿ ಬರೆದವನು. ಕಂಡದ್ದನ್ನು ಬರೆದೆ, ಕಾಣದ್ದನ್ನು ಇಂಜಿನಿಯರುಗಳಿಗೆ ಬಿಟ್ಟೆ. ನನ್ನಂಥವನಿಗೆ ತಿಳಿಯುವ ಹಾಗೆ ಬಿಡಿಸಿ ಬರೆ.

ಅಕ್ಷರ ಸ್ವಲ್ಪ ದಪ್ಪಗಿರಲಿ. ಪತ್ರಿಕೆಯವರು ಈಚೆಗೆ ಶಾಯಿ ಉಳಿಸುತ್ತಿದ್ದಾರೋ ಏನೋ, ಸಂಜೆಯಾದರೆ ಅಕ್ಷರವೆಲ್ಲ ಮಾಸಿದಂತೆ ಕಾಣುತ್ತದೆ. ಜೊತೆಗೆ ಸಣ್ಣದೊಂದು ತಲೆನೋವು. ಎದುರಿನ ಅಂಗಡಿಯ ಈರಕ್ಕ ಟೀ ಪುಡಿ ಬದಲಿಸಿದ್ದೇ ಇದಕ್ಕೆ ಕಾರಣವೆಂದು ತನಿಖೆಯಿಂದ ತಿಳಿದುಬಂದಿದೆ.

ಈ ಕಾಗದದ ಕಾರ್ಬನ್ ಪ್ರತಿ ನನ್ನಲ್ಲಿದೆ. ಮುಂದೆ 'ಮಾವ ಕೇಳಲೇ ಇಲ್ಲ' ಎನ್ನುವಂತಿಲ್ಲ.

ನಿನ್ನ ಮಾವ
ಏಕಾಂತಪ್ಪ


ಹೊಳಲ್ಕೆರೆ
೨೯ ಸೆಪ್ಟೆಂಬರ್ ೨೦೨೪

ಪ್ರೀತಿಯ ಮಾವನವರಿಗೆ,

ನಿಮ್ಮ ಕಾಗದ ಹೊಸದುರ್ಗದ ಮೇಲೆ ಸುತ್ತಾಡಿಕೊಂಡು ಆರು ದಿನಕ್ಕೆ ತಲುಪಿತು. ನಾನು ನೋಡುತ್ತಿರುವ ನಕ್ಷತ್ರದ ಬೆಳಕು ಇಲ್ಲಿಗೆ ಬರಲು ಎಂಟುನೂರು ವರ್ಷ ಹಿಡಿಯುತ್ತದೆ. ಆದ್ದರಿಂದ ಅಂಚೆಯವರ ಮೇಲೆ ನನ್ನ ದೂರೇನೂ ಇಲ್ಲ.

ಆ ನಕ್ಷತ್ರವನ್ನು ಒಂದು ಅಣೆಕಟ್ಟೆ ಎಂದುಕೊಳ್ಳಿ. ಅದರ ಬೆಳಕೇ ನೀರಿನ ಮಟ್ಟ. ಭೂಮಿಯಾಚೆ ಸುತ್ತುತ್ತಿರುವ ಒಂದು ದೂರದರ್ಶಕ ಅರ್ಧ ಗಂಟೆಗೊಮ್ಮೆ ಆ ಮಟ್ಟವನ್ನು ಬರೆದಿಡುತ್ತದೆ. ಆ ಪುಸ್ತಕವನ್ನು ಯಾರು ಬೇಕಾದರೂ ಕಂಪ್ಯೂಟರಿಗೆ ಇಳಿಸಿಕೊಂಡು ಓದಬಹುದು, ಹೊಳಲ್ಕೆರೆಯವರೂ ಕೂಡ. ಇಪ್ಪತ್ತೇಳು ದಿನಕ್ಕೊಮ್ಮೆ ಒಂದು ಗ್ರಹ ಆ ನಕ್ಷತ್ರದ ಮುಂದೆ ಹಾದುಹೋಗುತ್ತದೆ. ಆಗ ಬೆಳಕು ನೂರರಲ್ಲಿ ಒಂದು ಪಾಲು ಇಳಿದು, ಕೆಲವು ಗಂಟೆ ಹಾಗೇ ಇದ್ದು, ಮತ್ತೆ ಏರುತ್ತದೆ. ಗ್ರಹ ಕಾಣುವುದಿಲ್ಲ; ಅದು ಮಾಡಿದ ಇಳಿತ ಕಾಣುತ್ತದೆ.

ಈಗ ಉಂಗುರ. ಆ ಗ್ರಹಕ್ಕೆ ನಮ್ಮ ಶನಿಗಿರುವಂಥ ಉಂಗುರವಿದ್ದರೆ, ನಕ್ಷತ್ರದ ಮುಂದೆ ಮೊದಲು ಬರುವುದು ಉಂಗುರದ ಅಂಚು. ಅದು ತೆಳು. ಬೆಳಕು ಕೂದಲೆಳೆಯಷ್ಟು ಕುಂದುತ್ತದೆ. ಆಮೇಲೆ ಗ್ರಹವೇ ಬಂದು ದೊಡ್ಡ ಇಳಿತ. ಹೋಗುವಾಗಲೂ ಅಷ್ಟೇ, ಗ್ರಹ ದಾಟಿದ ಮೇಲೆ ಉಂಗುರದ ಇನ್ನೊಂದು ಅಂಚು ದಾಟುತ್ತದೆ. ಗೆರೆ ಎಳೆದು ನೋಡಿದರೆ ಬಾವಿಯ ಎರಡೂ ಬದಿಗೆ ಒಂದೊಂದು ಮೆಟ್ಟಿಲು ಕಟ್ಟಿದಂತೆ ಕಾಣುತ್ತದೆ. ಆ ಎರಡು ಮೆಟ್ಟಿಲು ನನಗೆ ಸಿಕ್ಕಿವೆ, ಮಾವ.

ಇನ್ನೊಂದು ಅನುಮಾನವೂ ಇದೆ. ಈ ಗ್ರಹ ಗಾತ್ರದಲ್ಲಿ ಶನಿಯಷ್ಟಿದೆ. ತೂಗಿದರೆ ಶನಿಯ ಹದಿನೈದರಲ್ಲಿ ಒಂದು ಪಾಲು. ಮಂಡಕ್ಕಿ ಚೀಲ ಹೊತ್ತವನನ್ನು ದೂರದಿಂದ ನೋಡಿ ಪೈಲ್ವಾನ ಎಂದುಕೊಂಡ ಹಾಗೆ. ಉಂಗುರದ ನೆರಳೂ ಸೇರಿ ಗ್ರಹ ದೊಡ್ಡದಾಗಿ ತೋರುತ್ತಿದೆ ಎಂದರೆ ಎಲ್ಲ ಸರಿಹೊಂದುತ್ತದೆ. ಸೂರ್ಯನ ಸಂಸಾರದ ಆಚೆಗಿನ ಗ್ರಹಗಳಲ್ಲಿ ಉಂಗುರದ ಗುಮಾನಿ ಕೆಲವುಗಳ ಮೇಲಿದೆ. ಖಾತ್ರಿಯಾದದ್ದು ಇನ್ನೂ ಒಂದೂ ಇಲ್ಲ. ನನ್ನದು ನಿಂತರೆ ಏನಾಗುತ್ತದೆ ಎಂದು ಯೋಚಿಸಲು ಹೋದರೆ ಪಾಠ ಮಾಡುವಾಗ ಸಾಲು ತಪ್ಪುತ್ತದೆ.

ಇದಕ್ಕೆಲ್ಲ ನಿಮಗೆ ಕೃತಜ್ಞತೆ ಹೇಳಬೇಕು. ರಜೆ ಬಂದರೆ ಅಮ್ಮ ನನ್ನನ್ನು ಭರಮಸಾಗರದಿಂದ ತಂದು ನಿಮ್ಮಲ್ಲಿ ಬಿಡುತ್ತಿದ್ದಳಲ್ಲ. ನೀವು ಕಟ್ಟೆಯ ಈ ತುದಿಯ ಗೇಜು ನೋಡಿ, ಬಾಯಿಬಿಡದೆ ಬಿಸಿಲಲ್ಲಿ ಅಷ್ಟುದ್ದ ನಡೆದು, ಆ ತುದಿಯ ಹಳೇ ಕಲ್ಲಿನ ಗೇಜನ್ನೂ ನೋಡಿ, ಎರಡೂ ಒಂದೇ ಹೇಳಿದ ಮೇಲಷ್ಟೇ ಪುಸ್ತಕ ತೆರೆಯುತ್ತಿದ್ದಿರಿ. "ಒಂದೇ ನೋಡಿ ಬರೆದ್ರೆ ಏನಾಗ್ತತೆ ಮಾವ?" ಎಂದು ಕೇಳಿದ್ದೆ. "ಏನೂ ಆಗಲ್ಲ. ಅದ್ಕೇ ಬರೀಬಾರ್ದು" ಎಂದಿದ್ದಿರಿ. ನನ್ನ ಸಂಶೋಧನೆಯ ಮೊದಲ ಪಾಠ ಅದೇ.

ಒಂದು ಎಡವಟ್ಟು ಮಾಡಿಕೊಂಡಿದ್ದೇನೆ. ನಮ್ಮ ಪ್ರಾಂಶುಪಾಲರಾದ ಶಿವಕುಮಾರಪ್ಪನವರ ಮುಂದೆ ಬಾಯಿಬಿಟ್ಟೆ. ಜನವರಿಯಲ್ಲಿ ಸನ್ಮಾನವೆಂದು ಅಲ್ಲೇ ತೀರ್ಮಾನವಾಯಿತು. ಪ್ರಬಂಧವನ್ನೇ ಇನ್ನೂ ಬರೆದಿಲ್ಲ ಸಾರ್ ಎಂದರೆ, "ನೀವು ಬರೀರಮ್ಮ, ನಾವು ಶಾಲು ತರ್ತೀವಿ" ಎಂದರು.

ಅಕ್ಷರ ಸಾಕಷ್ಟು ದಪ್ಪಗಿದೆಯೇ?

ನಿಮ್ಮ
ತೇಜು


ಮಾರಿಕಣಿವೆ
೫ ನವೆಂಬರ್ ೨೦೨೪

ಇಂದ: ಏಕಾಂತಪ್ಪ
ಇವರಿಗೆ: ಕುಮಾರಿ ತೇಜಸ್ವಿನಿ, ಉಂಗುರ ಶೋಧಕರು, ಹೊಳಲ್ಕೆರೆ
ವಿಷಯ: ಮಾರಿಕಣಿವೆಯಲ್ಲಿ ಉಂಗುರಗಳು ಪತ್ತೆಯಾಗಿರುವ ಬಗ್ಗೆ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ನಿನ್ನ ಉಂಗುರ ಎಂಟುನೂರು ವರ್ಷದ ದಾರಿ ದೂರದಲ್ಲಿದೆ. ನನ್ನದು ಮನೆಯಿಂದ ಎಂಟು ಮಾರು. ನಿನಗೆ ಬಾಹ್ಯಾಕಾಶದ ದೂರದರ್ಶಕ ಬೇಕಾಯಿತು. ನನಗೆ ಜಗಲಿ ಸಾಕಾಯಿತು.

ಕಳೆದ ತಿಂಗಳ ಇಪ್ಪತ್ತೆರಡನೇ ತಾರೀಖು ಸಂಜೆ ಆರೂಮುಕ್ಕಾಲಿಗೆ ನಮ್ಮ ಬೀದಿಯ ಲೈಟು ಕಂಬದ ಕಡೆ ನೋಡಿದೆ. ದೀಪದ ಸುತ್ತ ದುಂಡಗೆ ಒಂದು ಬಳೆ. ಒಳಗಡೆ ನೀಲಿ, ಹೊರಗಡೆ ಕೆಂಪು, ನಡುವೆ ಹಳದಿ ಹಸಿರು. ಕಾಮನಬಿಲ್ಲನ್ನು ಮಡಿಸಿ ತುದಿಗೆ ತುದಿ ಸೇರಿಸಿದ ಹಾಗೆ.

ಒಂದೇ ದೀಪ ನೋಡಿ ಬರೆಯುವ ಪೈಕಿ ನಾನಲ್ಲ ಎಂಬುದು ನಿನಗೆ ಗೊತ್ತು. ಎದ್ದು ಈರಕ್ಕನ ಅಂಗಡಿಗೆ ಹೋದೆ. ಅವಳ ಬಲ್ಬಿಗೂ ಬಳೆ ಇತ್ತು. ತಲೆಯೆತ್ತಿ ಅಷ್ಟು ಹೊತ್ತು ನಿಂತದ್ದು ನೋಡಿ ಅವಳು, ಬಲ್ಬು ಮಾರಾಟಕ್ಕಿಟ್ಟಿದ್ದಲ್ಲ ಎಂದು ಸ್ಪಷ್ಟಪಡಿಸಿದಳು. ಎರಡು ಗೇಜೂ ಒಂದೇ ಹೇಳಿದ ಮೇಲೆ ಪುಸ್ತಕದಲ್ಲಿ ಬರೆದೆ. ದೀಪಾವಳಿಯ ಸಂಜೆಯಂತೂ ಹೊಸ್ತಿಲ ಮೇಲಿನ ಹದಿನಾಲ್ಕು ಹಣತೆಗೂ ಹದಿನಾಲ್ಕು ಬಳೆ. ತೇಜು, ಅಷ್ಟು ಚಂದದ ದೀಪಾವಳಿಯನ್ನು ನಾನು ಅರವತ್ತೇಳು ವರ್ಷದಲ್ಲಿ ನೋಡಿಲ್ಲ.

ಎರಡು ಅಡಚಣೆಗಳಿವೆ. ಒಂದು, ಬೆಳಗಿನ ಜಾವ ಎದ್ದು ನೋಡಿದರೆ ಬಳೆ ಇರುವುದಿಲ್ಲ. ಅದು ಸಂಜೆ ತಲೆನೋವಿನ ಜೊತೆಗೇ ಬಂದು ಅದರ ಜೊತೆಗೇ ಹೋಗುತ್ತದೆ. ವಿಜ್ಞಾನಕ್ಕಾಗಿ ಇಷ್ಟು ತ್ಯಾಗ ಮಾಡದಿದ್ದರೆ ಹೇಗೆ ಎಂದು ಸುಮ್ಮನಿದ್ದೇನೆ. ಎರಡು, ನಿನ್ನ ಅತ್ತೆ. ಅವಳನ್ನು ಕರೆದು ತೋರಿಸಿದರೆ, "ಬಳೆನೂ ಇಲ್ಲ ಗಿಳೆನೂ ಇಲ್ಲ, ಬರೇ ಬಲ್ಬ್ ಐತೆ" ಎಂದು ಒಳಗೆ ಹೋದಳು. ವೀಕ್ಷಣೆಯ ತರಬೇತಿ ಇಲ್ಲದವರ ಹೇಳಿಕೆಯಾದ್ದರಿಂದ ಅದನ್ನು ಕಡತಕ್ಕೆ ಸೇರಿಸಿಲ್ಲ.

ನಿನ್ನ ಸನ್ಮಾನದಲ್ಲಿ ಶಾಲು ಎರಡು ತರಲು ಪ್ರಾಂಶುಪಾಲರಿಗೆ ಹೇಳತಕ್ಕದ್ದು.

ತಮ್ಮ ವಿಶ್ವಾಸಿ
ಏಕಾಂತಪ್ಪ
(ಕಾರ್ಬನ್ ಪ್ರತಿ ಇಡಲಾಗಿದೆ)


ಹೊಳಲ್ಕೆರೆ
೨೦ ನವೆಂಬರ್ ೨೦೨೪

ಮಾವ,

ನಿಮ್ಮ ವರದಿಯನ್ನು ಮೂರು ಸಲ ಓದಿದೆ, ಮೂರು ಸಲವೂ ನಕ್ಕೆ. ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಕಾಮನಬಿಲ್ಲು ಮಡಿಸಿದ್ದು ಕನ್ನಡ ಮೇಷ್ಟ್ರಿಗೆ ಬಹಳ ಹಿಡಿಸಿತು. ನಿಮ್ಮ ಶೋಧಕ್ಕೆ ಹೊಳಲ್ಕೆರೆಯ ಸಂಪೂರ್ಣ ಬೆಂಬಲವಿದೆ. ತಲೆನೋವಿಗೆ ಈರಕ್ಕನ ಟೀ ಬಿಟ್ಟು ನೋಡಿ.

ಹೆಚ್ಚು ಬರೆಯಲು ಹೊತ್ತಿಲ್ಲ. ಪ್ರಬಂಧ ಮುಕ್ಕಾಲು ಮುಗಿದಿದೆ. ನನ್ನ ಸಂಶೋಧನೆಯ ಗೈಡ್ ಒಂದೇ ಪ್ರಶ್ನೆ ಕೇಳಿದರು: ಅದೇ ಹೊತ್ತಿನಲ್ಲಿ ಅಕ್ಕಪಕ್ಕದ ನಕ್ಷತ್ರಗಳ ಬೆಳಕನ್ನೂ ನೋಡಿದ್ದೀಯಾ? ಎರಡನ್ನು ನೋಡಿದ್ದೇನೆ, ಅವುಗಳಲ್ಲಿ ಮೆಟ್ಟಿಲು ಇಲ್ಲ ಎಂದೆ. ಎರಡು ಗೇಜು, ನೀವು ಕಲಿಸಿದ ಹಾಗೆಯೇ.

ಸನ್ಮಾನ ಜನವರಿ ಹನ್ನೊಂದಕ್ಕೆ. ನೀವೂ ಅತ್ತೆಯೂ ಮುಂದಿನ ಸಾಲಿನಲ್ಲಿ ಕೂರಬೇಕು.

ತೇಜು


ಮಾರಿಕಣಿವೆ
೮ ಡಿಸೆಂಬರ್ ೨೦೨೪

ತೇಜು,

ನಾನು ನಿಮ್ಮತ್ತೆ. ಇವರು ಹಿರಿಯೂರಿಗೆ ಹೋಗಿದಾರೆ, ಬರೋದ್ರಾಗೆ ಬರ್ದು ಮುಗಿಸ್ಬೇಕು. ಫೋನಲ್ಲಿ ಹೇಳಾನ ಅಂದ್ರೆ ಕಲ್ಲಿನ ಪಕ್ಕಕ್ಕೇ ಬಂದು ನಿಂತ್ಕಂತಾರೆ. ಅದು ಪ್ರಬಂಧ ಬರೀತೈತೆ, ಅದರ ತಲೆ ಕೆಡಿಸಬ್ಯಾಡ ಅಂತಾರೆ.

ಇವರು ನಿಂಗೆ ಬರೀದೇ ಇದ್ದಿದ್ದು ಹೇಳ್ತೀನಿ. ಮಜ್ಜಿಗೆ ಬಗ್ಗಿಸಿದ್ರೆ ಲೋಟದ ಪಕ್ಕಕ್ಕೆ ಬೀಳ್ತತೆ. ಬಲಗಡೆ ಭುಜ ಬಾಗಿಲಿಗೆ ಎರಡು ಸಲ ಹೊಡಕಂಡ್ರು. ಕೇಳಿದ್ರೆ ಬಾಗ್ಲು ಸರಿದೈತೆ ಅಂದ್ರು. ಹೋದ ಮಂಗಳವಾರ ಸಂಜೆ ಬಲಗಣ್ಣು ಕೆಂಪಗಾಗಿ, ತಲೆ ಹಿಡ್ಕಂಡು ಕುಂತ್ರು, ವಾಂತಿನೂ ಆಯ್ತು. ಬೆಳಿಗ್ಗೆ ಎದ್ದು ಏನೂ ಆಗಿಲ್ದಂಗೆ ಮೆಣಸಿನಕಾಯಿ ತಿರುವಿ ಹಾಕ್ತಿದ್ರು.

ಬಳೆ ಬಳೆ ಅಂತ ನಗ್ತಾರೆ. ತೇಜು, ನಂಗೆ ಆ ಬಳೆ ಕಾಣಾದಿಲ್ಲ. ಈರಕ್ಕನ್ನೂ ಕೇಳ್ದೆ, ಅವಳಿಗೂ ಕಾಣಾದಿಲ್ಲ. ಎಲ್ಲಾ ದೀಪಕ್ಕೂ ಐತೆ ಅಂತಾರೆ, ಆದ್ರೆ ಇವರೊಬ್ಬರಿಗೇ ಕಾಣ್ತತೆ. ಅಂಗಂದ್ರೆ ಅದು ದೀಪದಾಗೆ ಐತೋ ಇವರ ಕಣ್ಣಾಗೆ ಐತೋ? ಓದಿದೋಳು ನೀನು, ಹೇಳು.

ಮಹಾದೇವಮ್ಮ


ಹೊಳಲ್ಕೆರೆ
೨೨ ಡಿಸೆಂಬರ್ ೨೦೨೪

ಮಾವ,

ಅತ್ತೆಯ ಕಾಗದ ಕೈಗೆ ಬಂದ ಮರುದಿನ ಮೊದಲ ಬಸ್ಸಿಗೇ ಬಂದು, ತಿಂಡಿ ಮುಗಿಸಲೂ ಬಿಡದೆ ನಿಮ್ಮನ್ನು ಚಿತ್ರದುರ್ಗದ ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರು ಮಾಡಿದೆ. ಕ್ಷಮಿಸಿ. ಅಷ್ಟೂ ಸಿಟ್ಟು ನನ್ನ ಮೇಲೆ ಇದ್ದದ್ದು. ಪಕ್ಕದ ಸೀಟಿನಲ್ಲಿ ನೀವಿದ್ದಿರಿ.

ಬಲಗಣ್ಣಿನ ಅಂಚಿನ ನೋಟ ಸ್ವಲ್ಪ ಹೋಗಿದೆ, ಅದು ಮರಳುವುದಿಲ್ಲ ಎಂದು ವೈದ್ಯೆ ಹೇಳಿದ್ದನ್ನು ನೀವು ಕೇಳಿಸಿಕೊಂಡಿರಿ. ಉಳಿದದ್ದು ಉಳಿಯುತ್ತದೆ, ಎಡಗಣ್ಣು ಪೂರ್ತಿ ಚೆನ್ನಾಗಿದೆ ಎಂದದ್ದನ್ನೂ ಕೇಳಿಸಿಕೊಂಡಿರಿ ತಾನೇ? ಇನ್ನೆರಡು ತಿಂಗಳು ತಡವಾಗಿದ್ದರೆ ಎಂದು ಅವರು ಆರಂಭಿಸಿದ ಮಾತನ್ನು ಮುಗಿಸಲಿಲ್ಲ. ನಾನೂ ಇಲ್ಲಿ ಮುಗಿಸುವುದಿಲ್ಲ.

ಬೇರೊಂದು ಹೇಳಬೇಕು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆಯೇ ಎಂದು ಅವರು ಕೇಳಿದಾಗ ನೀವು ಕೈಚೀಲದಿಂದ ಕಾರ್ಬನ್ ಪ್ರತಿ ತೆಗೆದು ಮೇಜಿನ ಮೇಲಿಟ್ಟಿರಿ. ಅವರು ಪೂರ್ತಿ ಓದಿದರು. ನಗಲಿಲ್ಲ. ಇಷ್ಟು ಸರಿಯಾಗಿ ತಾರೀಖು, ಹೊತ್ತು, ಬಣ್ಣ ಬರೆದು ತಂದ ಪೇಷಂಟನ್ನು ನೋಡಿಲ್ಲ ಎಂದರು. ಆಮೇಲೆ, "ಇದನ್ನ ಯಾರಿಗೋ ಕಳಿಸಿದೀರಲ್ಲ, ಅವರು ಓದ್ಲಿಲ್ವಾ?" ಎಂದು ಕೇಳಿದರು. ನೀವು ಹೇಳಿದಿರಿ: "ಅವಳು ಓದಿದ್ದಕ್ಕೇ ನಾನಿಲ್ಲಿ ಕುಂತಿರೋದು ಮೇಡಂ." ಆಯುಷ್ಯದಲ್ಲಿ ಒಂದೂ ಸುಳ್ಳು ಮಟ್ಟ ಬರೆಯದ ಮನುಷ್ಯ ನನಗಾಗಿ ಅಂದು ಹೇಳಿದ ಆ ಸುಳ್ಳನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ.

ಅತ್ತೆಯ ಆ ಒಂದು ಸಾಲು ನನ್ನನ್ನು ಬಿಡಲಿಲ್ಲ. ಎಲ್ಲ ದೀಪಕ್ಕೂ ಬಳೆ ಕಂಡರೆ ಬಳೆ ಇರುವುದು ದೀಪದಲ್ಲಲ್ಲ, ನೋಡುವ ಕಣ್ಣಿನಲ್ಲಿ. ಊರಿಗೆ ಬಂದವಳೇ ಕಂಪ್ಯೂಟರ್ ತೆರೆದು, ನನ್ನ ನಕ್ಷತ್ರದ ಸುತ್ತಲಿನ ನಲವತ್ತನಾಲ್ಕು ನಕ್ಷತ್ರಗಳನ್ನು ಒಂದೊಂದಾಗಿ ನೋಡಿದೆ. ಮೂವತ್ತೆಂಟರಲ್ಲಿ ಅವೇ ಎರಡು ಮೆಟ್ಟಿಲು, ಅದೇ ಹೊತ್ತಿಗೆ. ಮೂವತ್ತೆಂಟಕ್ಕೂ ಒಟ್ಟಿಗೆ ಉಂಗುರ ಬರಲು ಸಾಧ್ಯವಿಲ್ಲ ಮಾವ. ದೂರದರ್ಶಕ ತನ್ನ ಸುತ್ತಿನಲ್ಲಿ ಭೂಮಿಗೆ ಹತ್ತಿರ ಬಂದಾಗಲೆಲ್ಲ ಭೂಮಿಯ ಬೆಳಕು ಕ್ಯಾಮೆರಾದೊಳಕ್ಕೆ ಚೆಲ್ಲುತ್ತದೆ. ಆ ಚೆಲ್ಲಿದ ಬೆಳಕನ್ನು ಕಳೆಯುವ ಲೆಕ್ಕ ಒಂದು ಚಿಟಿಕೆ ಹೆಚ್ಚು ಕಳೆದಿದೆ. ಆ ಸುತ್ತಿಗೂ ನನ್ನ ಗ್ರಹದ ಇಪ್ಪತ್ತೇಳು ದಿನಕ್ಕೂ ತಾಳ ಕೂಡಿಬಂದು, ಪ್ರತಿ ಸಲವೂ ಮೆಟ್ಟಿಲು ಗ್ರಹದ ಎರಡು ಬದಿಗೇ ಬಿದ್ದಿದೆ. ಮೊದಲು ನೋಡಿದ ಎರಡು ನಕ್ಷತ್ರ ಚಿತ್ರದ ಇನ್ನೊಂದು ಮೂಲೆಯವು, ಬೆಳಕು ಅಲ್ಲಿಗೆ ತಲುಪಿರಲಿಲ್ಲ. ಅವು ನನಗೆ ಬೇಕಾದ ಉತ್ತರ ಕೊಟ್ಟವು. ನಾನು ಅಲ್ಲಿಗೇ ನಿಲ್ಲಿಸಿದೆ.

ಉಂಗುರ ಇಲ್ಲ. ಹನ್ನೆರಡು ಅಡಿಯ ಫ್ಲೆಕ್ಸ್ ಮಾತ್ರ ಅಚ್ಚಾಗಿ ಬಂದಿದೆ, ಅದರಲ್ಲಿ ಶನಿಗ್ರಹದ ಉಂಗುರದ ನಡುವೆ ನನ್ನ ಮುಖ. ಏನು ಮಾಡಲಿ ಹೇಳಿ.

ತೇಜು


ಮಾರಿಕಣಿವೆ
೩೦ ಡಿಸೆಂಬರ್ ೨೦೨೪

ಚಿ. ತೇಜುಗೆ,

ಮೊದಲು ಇಲಾಖಾ ಸುದ್ದಿ. ಕಣ್ಣಿನೊಳಗೂ ನೀರಿರುತ್ತದಂತೆ, ಅದು ಹರಿದುಹೋಗಲು ದಾರಿ ಇರುತ್ತದಂತೆ. ನನಗೆ ಆ ದಾರಿ ಸಂಜೆ ಹೊತ್ತು ಮುಚ್ಚಿಕೊಂಡು, ಒಳಗೆ ನೀರು ನಿಂತು, ಒತ್ತಡ ಏರುತ್ತಿತ್ತಂತೆ. ವೈದ್ಯೆ ಲೇಸರಿನಿಂದ ಎರಡೂ ಕಣ್ಣಿಗೆ ಒಂದೊಂದು ತೂಬು ಇಟ್ಟರು. ಮೂವತ್ತನಾಲ್ಕು ವರ್ಷ ತೂಬಿನ ಪಕ್ಕದಲ್ಲೇ ನಿಂತಿದ್ದವನಿಗೆ ತನ್ನ ಕಣ್ಣಿನ ತೂಬು ಕಟ್ಟಿದ್ದು ತಿಳಿಯಲಿಲ್ಲ ಎಂಬುದನ್ನು ದಯವಿಟ್ಟು ನನ್ನ ಹಳೇ ಸಹೋದ್ಯೋಗಿಗಳಿಗೆ ಹೇಳಬೇಡ.

ನನ್ನ ತಪ್ಪು ಎಲ್ಲಿ ಎಂದು ಆಸ್ಪತ್ರೆಯ ಬೆಂಚಿನ ಮೇಲೆಯೇ ಹೊಳೆಯಿತು. ಗೇಜು ಎರಡು ನೋಡಿದೆ, ಮೂರು ನೋಡಿದೆ, ಹಣತೆ ಸೇರಿ ಹದಿನಾರು ನೋಡಿದೆ. ಎಲ್ಲವನ್ನೂ ನೋಡಿದ್ದು ಅದೇ ಎರಡು ಕಣ್ಣಿನಿಂದ. ಬೇರೆ ಕಣ್ಣು ಪಕ್ಕದಲ್ಲೇ ಬಂದು ನಿಂತು 'ಇಲ್ಲ' ಎಂದಿತು. ಅದಕ್ಕೆ ತರಬೇತಿ ಇಲ್ಲವೆಂದು ಕಡತದಿಂದ ಹೊರಗಿಟ್ಟೆ. ಆ ಕಡತವನ್ನು ಈಗ ಮಹಾದೇವಮ್ಮ ದಿನಕ್ಕೆ ಮೂರು ಸಲ ತೆರೆಯುತ್ತಾಳೆ, ಕಣ್ಣಿಗೆ ಹನಿ ಹಾಕುವಾಗ.

ನೀನು ನಕ್ಕದ್ದಕ್ಕೆ ಕೊರಗಬೇಡ. ನಗಲಿ ಎಂದೇ ಬರೆದದ್ದು. ಹೆದರಿಕೆ ನನಗೂ ಇತ್ತು ತೇಜು. ಕಣ್ಣು ಹೋದರೆ ಗೇಜ್ ರೀಡರ್ ಎನ್ನಲು ನನ್ನಲ್ಲಿ ಉಳಿಯುವುದೇನು? ಆ ಹೆದರಿಕೆಗೆ ಬಣ್ಣದ ಕಾಗದ ಸುತ್ತಿ ನಿನಗೆ ಕಳಿಸಿದವನು ನಾನು. ಬಿಚ್ಚಿ ನೋಡಿದವರು ನೀವಿಬ್ಬರು ಹೆಂಗಸರು. ನಿಮ್ಮ ಉಪಕಾರವನ್ನು ಈ ಕಾಗದದಲ್ಲಿ ಅಳೆಯಲು ಹೋಗುವುದಿಲ್ಲ, ನನ್ನ ಗೇಜಿನಲ್ಲಿ ಅಷ್ಟು ಅಡಿ ಇಲ್ಲ.

ಈಗ ನಿನ್ನ ಪ್ರಶ್ನೆ. ಆಯುಷ್ಯದಲ್ಲಿ ಸುಳ್ಳು ಮಟ್ಟ ಬರೆಯದವನು ಎಂದು ಬರೆದಿದ್ದೀಯ. ತಿದ್ದುಪಡಿ ಇದೆ. ನೌಕರಿಗೆ ಸೇರಿದ ಮೂರನೇ ವರ್ಷ ಮಳೆಗಾಲದಲ್ಲಿ ಸೋಮಾರಿತನದಿಂದ ಈ ತುದಿಯ ಗೇಜು ಮಾತ್ರ ನೋಡಿ ಬರೆಯುತ್ತಿದ್ದೆ. ಅದರ ಪಟ್ಟಿ ಸಡಿಲವಾಗಿ ಮೂರು ಅಂಗುಲ ಕೆಳಗೆ ಜಾರಿತ್ತು. ಒಂಬತ್ತು ದಿನ ಇಲ್ಲದ ಮೂರು ಅಂಗುಲ ನೀರನ್ನು ಕಟ್ಟೆಯಲ್ಲಿ ತುಂಬಿಸಿದೆ. ಗೊತ್ತಾದ ದಿನ ನಮ್ಮ ಇಂಜಿನಿಯರ್ ಉಗ್ರಪ್ಪನವರ ಮುಂದೆ ಪುಸ್ತಕ ಹಿಡಿದು ನಿಂತೆ. ಹೆಸರಿಗೆ ತಕ್ಕ ಮನುಷ್ಯ. ಪುಸ್ತಕ ನೋಡಿ, ಕೆಂಪು ಶಾಯಿಯ ಬಾಟಲಿಯನ್ನು ನನ್ನ ಕಡೆ ತಳ್ಳಿದರು. "ನೀನೇ ತಿದ್ದು. ನಿನ್ನ ಕೈಯಕ್ಷರದಾಗೇ ಇರ್ಲಿ" ಎಂದರು. ತಿದ್ದಿದ ಮೇಲೆ ಟೀ ತರಿಸಿದರು. ಎರಡು ಗೇಜಿನ ಅಭ್ಯಾಸ ಶುರುವಾದದ್ದು ಅಂದಿನಿಂದ. ಆಮೇಲೆ ಅವರು ನಿವೃತ್ತರಾಗುವವರೆಗೂ ಯಾರಾದರೂ ಅಂಕಿಯ ಬಗ್ಗೆ ತಕರಾರು ತೆಗೆದರೆ ಒಂದೇ ಮಾತು: "ಏಕಾಂತಪ್ಪನ ಪುಸ್ತಕ ನೋಡ್ರಿ. ತಪ್ಪಿದ್ರೆ ಅವನೇ ಬರ್ದಿರ್ತಾನೆ."

ಕೆಂಪು ಶಾಯಿ ಹೊಳಲ್ಕೆರೆಯಲ್ಲೂ ಸಿಗುತ್ತದೆ. ನನ್ನ ಕಣ್ಣಿನ ಹನಿಗಳ ವೇಳಾಪಟ್ಟಿಯಿಂದಾಗಿ ಹನ್ನೊಂದಕ್ಕೆ ಬರಲಾಗುವುದಿಲ್ಲ. ಮುಂದಿನ ಸಾಲಿನ ಎರಡು ಕುರ್ಚಿ ಖಾಲಿ ಇಡಿಸು. ಅಲ್ಲಿ ನಾವಿದ್ದೇವೆ ಎಂದುಕೊಂಡು ಹೇಳು.

ನಿನ್ನ ಮಾವ
ಏಕಾಂತಪ್ಪ


ಹೊಳಲ್ಕೆರೆ
೧೫ ಜನವರಿ ೨೦೨೫

ಪ್ರೀತಿಯ ಮಾವ, ಅತ್ತೆ,

ಎಳ್ಳುಬೆಲ್ಲದ ಜೊತೆ ಈ ಕಾಗದ.

ಸನ್ಮಾನದ ಹಿಂದಿನ ದಿನ ಪ್ರಾಂಶುಪಾಲರಿಗೆ ವಿಷಯ ಹೇಳಿದೆ. ಅವರು ಮೇಜಿನ ಮೇಲಿದ್ದ ಶಾಲಿನ ಪೊಟ್ಟಣವನ್ನೇ ನೋಡುತ್ತ, ಬಹಳ ಮೆತ್ತಗೆ, "ಪೂರ್ತಿ ಇಲ್ವೇನಮ್ಮ? ಸ್ವಲ್ಪನಾದ್ರೂ?" ಎಂದು ಕೇಳಿದರು. ಪೂರ್ತಿ ಇಲ್ಲ ಸಾರ್ ಎಂದೆ. ಊಟಕ್ಕೆ ಹೇಳಿಯಾಗಿದೆ, ಆದ್ದರಿಂದ ಕಾರ್ಯಕ್ರಮ ನಿಲ್ಲುವಂತಿಲ್ಲ ಎಂದು ಆದೇಶವಾಯಿತು.

ಫ್ಲೆಕ್ಸಿನಲ್ಲಿ 'ಅನ್ಯಗ್ರಹದ ಉಂಗುರ ಕಂಡುಹಿಡಿದ ನಮ್ಮ ಹೆಮ್ಮೆ' ಎಂದಿತ್ತು. ನಮ್ಮ ಅಟೆಂಡರ್ ಪಾಲಯ್ಯ ಬೆಳಿಗ್ಗೆ ಏಣಿ ಹತ್ತಿ, ಬಿಳಿ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದರು: 'ಉಂಗುರ ಇಲ್ಲವೆಂದು ಕಂಡುಹಿಡಿದ ನಮ್ಮ ಹೆಮ್ಮೆ'. ಕೆಂಪು ಶಾಯಿ ನಾನು ಹೇಳಿಸಿದ್ದಲ್ಲ ಮಾವ, ಅವರ ಹತ್ತಿರ ಇದ್ದದ್ದೇ ಅದು.

ಮಾತಾಡಲು ನಿಂತೆ. ಎರಡು ಖಾಲಿ ಕುರ್ಚಿ ನೋಡಿಕೊಂಡು ಮೊದಲಿನಿಂದ ಹೇಳಿದೆ: ಮಂಡಕ್ಕಿ ಗ್ರಹ, ಎರಡು ಮೆಟ್ಟಿಲು, ನಾನು ಅರ್ಧಕ್ಕೇ ನಿಲ್ಲಿಸಿದ್ದು, ಮಾರಿಕಣಿವೆಯ ದೀಪಗಳು, ಅತ್ತೆ ಕೇಳಿದ ಪ್ರಶ್ನೆ. ಕೊನೆಗೆ ಉಂಗುರ ಇಲ್ಲ ಎಂದೆ. ಹಿಂದಿನ ಸಾಲಿನಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳು ಎದ್ದು, "ಮೇಡಂ, ನಲವತ್ತನಾಲ್ಕರಾಗೆ ಉಳಿದ ಆರಕ್ಕೆ ಮೆಟ್ಟಿಲು ಯಾಕಿಲ್ಲ?" ಎಂದು ಕೇಳಿದಳು. ಆರು ವರ್ಷದ ಪಾಠದಲ್ಲಿ ಯಾರೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಇಬ್ಬರೂ ವೇದಿಕೆ ಮರೆತು ಹತ್ತು ನಿಮಿಷ ಮಾತಾಡಿದೆವು. ಅಡುಗೆಯವರು ಬಂದು ಸಾರು ಆರುತ್ತಿದೆ ಎಂದರು.

ಶಿವಕುಮಾರಪ್ಪನವರು ಶಾಲು ಹೊದಿಸುತ್ತ ಮೈಕಿನಲ್ಲೇ ಹೇಳಿದರು: "ಐತೆ ಅಂತ ಹೇಳಿ ಶಾಲು ಹೊದ್ಕೊಂಡೋರ್ನ ಬಾಳ ಜನಾನ ನೋಡಿದೀನಿ. ಇಲ್ಲ ಅಂತ ಹೇಳಿ ಹೊದ್ಕೊಂಡೋರು ಇವರೇ ಮೊದ್ಲು." ಆಗ ಬಿದ್ದ ಚಪ್ಪಾಳೆ ಮುಂದಿನ ಸಾಲಿನ ಎರಡು ಖಾಲಿ ಕುರ್ಚಿಗೂ ಸೇರಿದ್ದು.

ಗೈಡ್ ಈಗ ಪ್ರಬಂಧದ ದಿಕ್ಕು ಬದಲಿಸಿದ್ದಾರೆ. ಇಂಥ ಸುಳ್ಳು ಮೆಟ್ಟಿಲು ಬೇರೆಯವರನ್ನೂ ಏಮಾರಿಸದಂತೆ ಅದನ್ನು ಗುರುತಿಸುವ ಬಗೆಯನ್ನೇ ಬರೆಯುತ್ತಿದ್ದೇವೆ. ಕೊನೆಯಲ್ಲಿ ಕೃತಜ್ಞತೆಯ ಸಾಲು ಹೀಗಿರುತ್ತದೆ: 'ಸರಿಯಾದ ಪ್ರಶ್ನೆ ಕೇಳಿದ ಮಹಾದೇವಮ್ಮ ಅವರಿಗೆ, ಕಂಡದ್ದನ್ನು ಕಂಡಂತೆ ಬರೆದ ಗೇಜ್ ರೀಡರ್ ಏಕಾಂತಪ್ಪ ಅವರಿಗೆ.' ಅತ್ತೆಯ ಹೆಸರು ಮೊದಲು ಬಂದಿರುವುದು ಅಕ್ಷರ ತಪ್ಪಿನಿಂದಲ್ಲ.

ಗ್ರಹ ಇನ್ನೂ ಮಂಡಕ್ಕಿ ಚೀಲದಷ್ಟೇ ಹಗುರವಾಗಿದೆ, ಏಕೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಈಗ ಅಷ್ಟು ಕಷ್ಟವಾಗುತ್ತಿಲ್ಲ. ಶಾಲು ಪಾರ್ಸೆಲ್ಲಿನಲ್ಲಿದೆ. ನೀವು ಕೇಳಿದ್ದು ಎರಡು, ಇರುವುದು ಒಂದೇ. ಹಂಚಿಕೊಳ್ಳಿ.

ನಿಮ್ಮಿಬ್ಬರ
ತೇಜು


ಮಾರಿಕಣಿವೆ
೧೩ ಫೆಬ್ರವರಿ ೨೦೨೫

ಚಿ. ತೇಜುಗೆ,

ಶಾಲು ತಲುಪಿತು. ಹಂಚಿಕೆಯ ಬಗ್ಗೆ ಮನೆಯಲ್ಲಿ ಮಾತುಕತೆ ನಡೆದು, ಸಂಜೆ ಐದರವರೆಗೆ ನನ್ನದು, ಐದರ ನಂತರ ಚಳಿ ಇರುವುದರಿಂದ ಮಹಾದೇವಮ್ಮನದು ಎಂದು ಒಪ್ಪಂದವಾಗಿದೆ. ಪ್ರಬಂಧದಲ್ಲಿ ಹೆಸರು ಬರುವ ವಿಷಯವನ್ನು ಅವಳು ಈರಕ್ಕನಿಗೆ ಮಾತ್ರ ಹೇಳಿದ್ದಾಳೆ. ಆದ್ದರಿಂದ ಊರಿಗೆಲ್ಲ ಗೊತ್ತಿದೆ.

ಕಟ್ಟೆ ತುಂಬಿ ಕೋಡಿ ಬಿದ್ದದ್ದು ಕೇಳಿರುತ್ತೀಯ. ಜಾತ್ರೆಯಂತೆ ಜನ. ನಾನೂ ಬೆಳಿಗ್ಗೆ ಎಂಟಕ್ಕೆ ಹೋಗಿ ನಿಂತು ನೋಡಿದೆ. ಬಲಗಣ್ಣಿನ ಅಂಚಿಗೆ ಬರದ ನೀರನ್ನು ಕತ್ತು ತಿರುಗಿಸಿ ನೋಡಿದೆ. ಪೂರ್ತಿ ಸಿಕ್ಕಿತು.

ಈಗ ಮುಖ್ಯ ವಿಷಯ. ನಿನ್ನೆ ಭಾರತ ಹುಣ್ಣಿಮೆ. ಊಟ ಮುಗಿಸಿ ಎಂಟೂವರೆಗೆ ಜಗಲಿಗೆ ಬಂದು ತಲೆಯೆತ್ತಿದೆ. ಚಂದ್ರನ ಸುತ್ತ ಬಳೆ ಇತ್ತು.

ತೇಜು, ತೂಬು ಮತ್ತೆ ಕಟ್ಟಿತು ಎಂದುಕೊಂಡೆ. ಸುಮಾರು ಹೊತ್ತು ಅಲ್ಲೇ ನಿಂತು, ಒಳಗೆ ಹೋಗಿ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಆಮೇಲೆ ನಿನ್ನ ನಲವತ್ತನಾಲ್ಕು ನಕ್ಷತ್ರ ನೆನಪಾದವು. ಲೈಟು ಕಂಬ ನೋಡಿದೆ. ಬರೇ ದೀಪ, ಬಳೆ ಇಲ್ಲ. ಈರಕ್ಕನ ಬಲ್ಬು ನೋಡಿದೆ. ಬಳೆ ಇಲ್ಲ. ಎಡಗಣ್ಣು ಮುಚ್ಚಿ ಚಂದ್ರನನ್ನು ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ. ಇತ್ತು. ತಲೆನೋವು ಇರಲಿಲ್ಲ.

ಆದರೂ ಪುಸ್ತಕ ತೆರೆಯಲಿಲ್ಲ. ಮಹಾದೇವಮ್ಮನನ್ನು ಕರೆದೆ. ಪಾತ್ರೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನಿನ್ನ ಶಾಲು ಹೊದ್ದು ಬಂದಳು. ಬಳೆಯ ಮಾತೇ ಎತ್ತದೆ, ಮೇಲೆ ಏನು ಕಾಣುತ್ತದೆ ಎಂದಷ್ಟೇ ಕೇಳಿದೆ. ಅವಳು ಮುಖ ಮೇಲೆ ಮಾಡಿ ನಿಂತಳು. ಅಷ್ಟು ಹೊತ್ತು ನಾನು ಚಂದ್ರನನ್ನು ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದೆ.

"ಅಯ್ಯ," ಎಂದಳು, "ಅಷ್ಟು ದೊಡ್ಡ ಬಳೆ ಯಾರಿಗ್ ಮಾಡ್ಸಿದಾರ್ರಿ?"

ತೆಳುವಾದ ಮೋಡಕ್ಕೆ ಹಾಗಾಗುತ್ತದೆಂದು ನೀನು ಬರೆಯುತ್ತೀಯ, ಗೊತ್ತು. ಬರೆ. ನಾವಿಬ್ಬರೂ ಅದು ಕರಗುವವರೆಗೆ ಜಗಲಿಯ ಮೇಲೆ ಕುಳಿತು ನೋಡಿದೆವು. ಶಾಲು ಇಬ್ಬರಿಗೂ ಸಾಲುತ್ತದೆ.

ನೋಡಿದ ದಿನ: ೧೨ ಫೆಬ್ರವರಿ. ಹೊತ್ತು: ಎಂಟೂವರೆ. ನೋಡಿದ ಕಣ್ಣು: ನಾಲ್ಕು.

ನಿನ್ನ ಮಾವ
ಏಕಾಂತಪ್ಪ

ನಾನೂ ನೋಡ್ದೆ. ಐತೆ.
ಮಹಾದೇವಮ್ಮ